ಹದಿನೈದನೇ ಹಾಡು

…ಬಿಡಲ್ಲ ಅಂದ್ರೆ ಬಿಡಲ್ಲ, ಮಾಮ. ಮೆಟ್ಟಿಲ ಹತ್ರ ಒಂದು ಸಲ ಹೇಳಿದೆ, ಬಾಗಿಲಲ್ಲಿ ಒಂದು ಸಲ ಹೇಳಿದೆ, ಈಗ ಕುರ್ಚಿ ಎಳ್ಕೊಂಡು ಕೂತ ಮೇಲೂ ಅದನ್ನೇ ಹೇಳ್ತಿದೀನಿ. ಅಪ್ಪನನ್ನ ನೋಡೋಕೆ ಆಗಲ್ಲ. ಆ ಕೋಣೆ ಬಾಗಿಲು ನಾನು ತೆಗೆಯಲ್ಲ. ಹನ್ನೊಂದು ವರ್ಷ ಈ ಮನೆ ಕಡೆ ತಲೆ ಹಾಕದವರು, ಇವತ್ತು ಮಟಮಟ ಮಧ್ಯಾಹ್ನ ಕಂಕುಳಲ್ಲಿ ರೆಕಾರ್ಡು ಇರುಕಿಕೊಂಡು ಬಂದು ನಿಂತ್ರೆ, ಬನ್ನಿ ಬನ್ನಿ ಅಂತ ಹಾಸಿಗೆ ತನಕ ಕರ್ಕೊಂಡು ಹೋಗಬೇಕಾ ನಾನು?

ನೀರು ಅಲ್ಲಿದೆ, ಕುಡೀರಿ. ಮಗು ಕಡೆ ನೋಡಿ ನಗಬೇಡಿ. ಅದು ಯಾರನ್ನ ಕಂಡ್ರೂ ಹಲ್ಲು ಬಿಡುತ್ತೆ. ಒಂದೂವರೆ ವರ್ಷ, ಇನ್ನೂ ಜನ ಗೊತ್ತಾಗಲ್ಲ. ನನಗೆ ಗೊತ್ತಾಗುತ್ತೆ.

ಏನಂದ್ರಿ? ಹಾಡಾ? ಯಾವ ಹಾಡು?

ಓ, ಕೊನೇದು.

ಅದಕ್ಕೇನಾಗಿದೆ ಈಗ? ಆಲ್ಬಮ್ಮಿನಲ್ಲಿ ಹದಿನೈದು ಹಾಡಿದೆ. ಹದಿನಾಲ್ಕು ಹಳೇದು, ನೀವೇ ಡ್ರಮ್ ಬಾರಿಸಿದ್ದು. ನಿಮ್ಮ ಹೆಸರೂ ಹಾಕಿದಾರೆ, ನೋಡಿ, ಹಿಂದುಗಡೆ, ಮುದ್ರಣಾಲಯದ ವಿಳಾಸದ ಮೇಲೆ. ಇರುವೆ ಸಾಲಿನ ಹಾಗಿದೆ, ಕನ್ನಡಕ ಒರೆಸ್ಕೊಂಡು ನೋಡಿದ್ರೆ ಕಾಣುತ್ತೆ. ಹದಿನೈದನೇದು ಒಂದೇ ಹೊಸದು. ಅದನ್ನ ಅಪ್ಪ ಹೋದ ವರ್ಷ ಹಾಡಿದ್ರು. ಲಕ್ವ ಹೊಡೆಯೋಕೆ ಒಂದು ವಾರ ಮುಂಚೆ. ಇದೇ ಕೋಣೇಲಿ, ಈಗ ನೀವು ಕೂತಿದೀರಲ್ಲ, ಅದೇ ಕುರ್ಚೀಲಿ ಕೂತು. ಕಿಟಕಿಗೆ ಎರಡು ಕಂಬಳಿ ಮೊಳೆ ಹೊಡೆದು, ಪರದೆ ಸರಳಿಗೆ ಮೈಕು ನೇತುಹಾಕಿ, ನನ್ನನ್ನ ಮಗು ಸಮೇತ ಹೊರಗೆ ಅಟ್ಟಿ, ಬಾಗಿಲು ಹಾಕ್ಕೊಂಡು, ಗಿಟಾರಿನವರು ಮೊದಲೇ ಬಾರಿಸಿಟ್ಟ ಟೇಪಿಗೆ ಹಾಡಿದ್ರು. ಒಂದೇ ಉಸಿರಿಗೆ. ಎರಡನೇ ಸಲ ಹಾಡಲೇ ಇಲ್ಲ. ಅಷ್ಟೇ ಕಥೆ. ಕೇಳಾಯ್ತಲ್ಲ, ಹೊರಡಿ.

ಯಾಕೆ ನಗ್ತೀರಿ?

ಅಲ್ಲ, ನಕ್ರಿ. ಮೀಸೆ ಕೆಳಗೆ ನಕ್ರಿ, ನಾನು ನೋಡಿದೆ. ಪೇಪರಿನವರು ಯಾರೂ ನಗಲಿಲ್ಲ, ಮಾಮ. ಓದಿಲ್ವಾ? ಎರಡನೇ ಚರಣ ಆದ ಮೇಲೆ ಗಿಟಾರಿನ ಮಧ್ಯೆ ಒಂದು ಬಿಕ್ಕು ಬರುತ್ತಲ್ಲ, ಆ ಬಿಕ್ಕಿನ ಬಗ್ಗೇನೇ ಅರ್ಧ ಪುಟ ಬರೆದಿದಾರೆ. ಐವತ್ತು ವರ್ಷ ಅಬ್ಬರಿಸಿದ ಗಂಟಲು ಕೊನೆಗೆ ಮಗುವಿನ ಹಾಗೆ ಅತ್ತಿತು ಅಂತ. ರೇಡಿಯೋದವರು ಹಾಡು ನಿಲ್ಲಿಸಿ ಆ ಬಿಕ್ಕನ್ನೇ ಮೂರು ಸಲ ಹಾಕಿದ್ರು. ಕಂಪನಿಯವರು ಫೋನ್ ಮಾಡಿ, ಅಮ್ಮ, ನಿಮ್ಮ ತಂದೆ ಈ ವಯಸ್ಸಲ್ಲಿ ಹೀಗೆ ಹಾಡಿದ್ರಲ್ಲ, ನಾವು ಹಳೇ ಹದಿನಾಲ್ಕನ್ನ ಮರೆತುಬಿಟ್ವಿ ಅಂದ್ರು. ನಿಮಗೊಬ್ಬರಿಗೆ ನಗು.

ಮಾತಾಡಿ. ನೀವು ಯಾವಾಗ್ಲೂ ಹೀಗೇ. ಬಾಯಿ ಬಿಡಬೇಕಾದ ಕಡೆ ಬೆರಳಲ್ಲಿ ತೊಡೆ ತಟ್ಟಿಕೊಂಡು ಕೂತ್ಕೊಳ್ಳೋದು. ನಾನು ಸಣ್ಣವಳಿದ್ದಾಗ ಡ್ರಮ್ ಮಾಮನಿಗೆ ನಾಲಿಗೆ ಇಲ್ಲ ಅಂತಲೇ ಅಂದ್ಕೊಂಡಿದ್ದೆ. ಅಮ್ಮನ್ನ ಕೇಳಿದ್ದೆ ಕೂಡ. ಇದೆ ಕಣೇ, ಜೋಪಾನವಾಗಿ ಇಟ್ಟಿದಾನೆ ಅಂದಿದ್ಲು.

ಅಮ್ಮ ಹೋದಾಗ ಬಂದ್ರಾ? ಇಲ್ಲ. ಕಾಗದ ಬರೆದ್ರಿ, ಎರಡು ಸಾಲು. ಅಪ್ಪನಿಗೆ ಲಕ್ವ ಹೊಡೆದಾಗ ಬಂದ್ರಾ? ಗಿಟಾರ್ ಬಾರಿಸೋರು ಬಂದ್ರು, ಬೇಸ್ ಬಾರಿಸೋರು ಮಂಡಿ ನೋವು ಅಂತ ಕೋಲೂರಿಕೊಂಡು ಬಂದ್ರು, ಹಳೇ ಲಾರಿ ಡ್ರೈವರ್ ಕೂಡ ಬಂದ, ಒಂದೂರಿಂದ ಒಂದೂರಿಗೆ ನಮ್ಮ ಸಾಮಾನು ಹೊತ್ತವನು. ಹಾಸಿಗೆ ಪಕ್ಕ ನಿಂತು ಗೊಳೋ ಅಂತ ಅತ್ತ. ನೀವು ಬರಲಿಲ್ಲ. ಬಲಗೈ ಹೋಯ್ತು, ಬಲಗಾಲು ಹೋಯ್ತು, ಮಾತು ಹೋಯ್ತು. ಆ ಗಂಟಲಿಂದ ಈಗ ಬರೋದು ಒಂದೇ ಶಬ್ದ, ಊಂ ಅಂತ. ಹಸಿವಾದ್ರೂ ಊಂ, ಸೆಕೆಯಾದ್ರೂ ಊಂ. ಒಂದು ವರ್ಷದಿಂದ ಆ ಊಂ ಅರ್ಥ ಮಾಡ್ಕೊಳ್ಳೋದೇ ನನ್ನ ಕೆಲಸ. ನನ್ನ ಗಂಡ ಬೆಳಗ್ಗೆ ಬಸ್ಸು ಹತ್ತಿದ್ರೆ ಸಂಜೆ ತನಕ ಸ್ಟಿಯರಿಂಗ್ ಬಿಡಲ್ಲ. ಒಂದು ಕಡೆ ಮಗು ಉಚ್ಚೆ ಬಟ್ಟೆ, ಒಂದು ಕಡೆ ಅಪ್ಪನ ಉಚ್ಚೆ ಬಟ್ಟೆ. ಮಧ್ಯ ನಾನು. ಈಗ ಹೇಳಿ, ಈ ಮನೇಲಿ ಯಾರು ಯಾರನ್ನ ನೋಡಬೇಕು, ಯಾರು ನೋಡಬಾರದು ಅನ್ನೋದು ನಿಮ್ಮ ತೀರ್ಮಾನನಾ ನನ್ನ ತೀರ್ಮಾನನಾ?

ಗೊತ್ತು, ಗೊತ್ತು, ನಿಮಗೆ ಅವಮಾನ ಆಗಿತ್ತು. ರೈಲಿನ ಹಾಡು. ಅದೇ ತಾನೇ? ಅದನ್ನ ರೆಕಾರ್ಡ್ ಮಾಡುವಾಗ ನಿಮ್ಮ ಕೈಯಿಂದ ಕೋಲು ಜಾರಿ ಬಿತ್ತು. ಒಂದು ಕ್ಷಣ ಎಲ್ಲಾ ಖಾಲಿ. ಆ ಖಾಲೀಲಿ ಅಪ್ಪ ಗಾಬರಿಯಾಗಿ ಹೋಯ್ ಅಂತ ಕೂಗಿದ್ರು. ಆ ಹೋಯ್ ಜನರ ಬಾಯಿಗೆ ಹತ್ತಿಕೊಳ್ತು, ಗೂಡಂಗಡಿಯಿಂದ ಕಾಲೇಜು ತನಕ. ಅದು ಹೇಗೆ ಬಂತು ಅಂತ ಅಷ್ಟು ವರ್ಷ ಎಲ್ಲೂ ಹೇಳಿರಲಿಲ್ಲ ಅಪ್ಪ. ಆವತ್ತು ಒಂದಿನ ಸ್ಟೇಜಿನ ಮೇಲೆ ಹೇಳಿಬಿಟ್ರು, ಕೈಯಲ್ಲಿ ಕೋಲು ನಿಲ್ಲದವನನ್ನ ಮೂವತ್ತು ವರ್ಷ ಹೊತ್ಕೊಂಡು ಬಂದಿದೀನಿ ಅಂತ. ಸಭೆ ಪೂರ್ತಿ ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಹದಿನೇಳು ವರ್ಷ ನನಗೆ, ಹೆಗಲ ಮೇಲೆ ತಂತಿ ಸುರುಳಿ ಹಾಕ್ಕೊಂಡು ಪರದೆ ಪಕ್ಕ ನಿಂತಿದ್ದೆ. ನೀವು ಆ ಹಾಡು ಪೂರ್ತಿ ಬಾರಿಸಿದ್ರಿ. ಒಂದು ಏಟೂ ತಪ್ಪಲಿಲ್ಲ. ಆಮೇಲೆ ಎದ್ದು, ಕೋಲು ಎರಡನ್ನೂ ಡ್ರಮ್ಮಿನ ಮೇಲೆ ಅಡ್ಡಡ್ಡ ಇಟ್ಟು, ಹೊರಟೇ ಹೋದ್ರಿ. ಇನ್ನೂ ನಾಲ್ಕು ಹಾಡು ಬಾಕಿ ಇತ್ತು.

ಒಂದು ಮಾತಿಗೆ ಹನ್ನೊಂದು ವರ್ಷ. ನನಗೆ ದಿನಕ್ಕೆ ಹನ್ನೊಂದು ಮಾತು ಬೀಳ್ತಿತ್ತು ಮಾಮ. ನಾನು ಎಲ್ಲಿ ಹೋದೆ?

ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ದಿನ ಅಪ್ಪ ನನಗೆ ಏನು ಕೊಟ್ರು ಗೊತ್ತಾ? ಇಸ್ತ್ರಿ ಪೆಟ್ಟಿಗೆ. ಇನ್ನು ಮೇಲೆ ಷರಟು ನಿಂದು ಅಂದ್ರು. ಷರಟು, ಬೂಟು, ತಂತಿ ಸುತ್ತೋದು, ಹಾಡಿನ ಪಟ್ಟಿ ದಪ್ಪ ಅಕ್ಷರದಲ್ಲಿ ಬರೆದು ಅವರ ಕಾಲ ಹತ್ರ ಅಂಟಿಸೋದು. ಮತ್ತೆ ಇನ್ನೊಂದು ಕೆಲಸ. ಅದು ನಿಮಗೂ ಗೊತ್ತು. ಪರದೆಗೆ ಹತ್ತಿರ ಕೂತ್ಕೊಳ್ತಿದ್ದವರು ನೀವೊಬ್ಬರೇ.

ಹೂಂ, ಅದೇ. ಮೇಲಿನ ಸ್ವರ. ಅಪ್ಪನಿಗೆ ಐವತ್ತೈದು ದಾಟಿದ ಮೇಲೆ ಎತ್ತರದ ಜಾಗದಲ್ಲಿ ಗಂಟಲು ಕೈ ಕೊಡ್ತಿತ್ತು. ಆ ಜಾಗ ಬಂದಾಗ ನಾನು ಪರದೆ ಹಿಂದೆ ನಿಂತು ಒಂದು ಮೈಕಿಗೆ ಹಾಡ್ತಿದ್ದೆ. ಜನಕ್ಕೆ ಕೇಳ್ತಿದ್ದದ್ದು ಗುಡುಗು. ಗುಡುಗು ಅಂತಲೇ ಕರೀತಿದ್ರಲ್ಲ ಅವರನ್ನ. ಅರ್ಧ ಗುಡುಗು ಹದಿನೇಳು ವರ್ಷದ ಹುಡುಗಿ, ಕೈಯಲ್ಲಿ ಬೂಟು ಹಿಡ್ಕೊಂಡು ನಿಂತಿದ್ಲು. ಒಂದು ಸಲ ಧೈರ್ಯ ಮಾಡಿ ಕೇಳಿದೆ, ಅಪ್ಪ, ಒಂದು ಹಾಡು ನಾನು ಮುಂದೆ ಬಂದು ಹಾಡಲಾ ಅಂತ. ಬೈಯಲಿಲ್ಲ. ಹೆಣ್ಣು ಗಂಟಲಿಗೆ ಈ ಹಾಡು ದೊಡ್ಡ ಅಂಗಿ ಕಣೇ, ಹೆಗಲಿಂದ ಜಾರುತ್ತೆ ಅಂದ್ರು. ಎಲ್ಲಾ ನಕ್ರು. ನೀವು ನಗಲಿಲ್ಲ ಅಂತ ನೆನಪು. ಆದ್ರೆ ಬಾಯೂ ಬಿಡಲಿಲ್ಲ.

ಏನು ಮಾಡ್ತಿದೀರಿ? ರೆಕಾರ್ಡು ಯಾಕೆ ತೆಗೀತಿದೀರಿ?

ಹಾಕಬೇಡಿ. ಅಪ್ಪನಿಗೆ ಕೇಳಿಸುತ್ತೆ. ಬಾಗಿಲು ಹಾಕಿದ್ರೂ ಕೇಳಿಸುತ್ತೆ, ಕಿವಿ ಮಾತ್ರ ನಾಯಿ ಕಿವಿ. ಸರಿ, ಹಾಕಲೇಬೇಕು ಅಂದ್ರೆ ಮೊದಲನೇ ಹಾಡಿಂದ ಹಾಕಿ, ಮೊದಲನೇ ಮಗ್ಗುಲು. ಅಪ್ಪನಿಗೆ ದಿನಾ ಹಾಕ್ತೀನಿ ನಾನು. ಆಲ್ಬಮ್ಮು ಬಂದು ಒಂದು ತಿಂಗಳಾಯ್ತು, ದಿನಾ ಊಟಕ್ಕೆ ಮುಂಚೆ ಹಾಕ್ತೀನಿ. ಹದಿನಾಲ್ಕನೇದು ಮುಗೀತಿದ್ದ ಹಾಗೆ ಮುಳ್ಳು ಎತ್ತಿಬಿಡ್ತೀನಿ. ಅವರು ಎಡಗೈಯಲ್ಲಿ ಮಂಚ ತಟ್ಟಿ ಊಂ ಊಂ ಅಂತಾರೆ, ಇನ್ನೂ ಇದೆ ಅಂತ. ಸಾಕು ಅಪ್ಪ, ಅನ್ನ ಆರುತ್ತೆ ಅಂತೀನಿ.

ಯಾಕೆ ಅಂದ್ರೆ… ಸುಸ್ತಾಗುತ್ತೆ ಅವರಿಗೆ. ಹದಿನೈದು ಹಾಡು ಅಂದ್ರೆ ಸುಮ್ನೇನಾ?

ಕೊನೇದಕ್ಕೇ ಇಟ್ರಲ್ಲ ಮುಳ್ಳನ್ನ. ಇಡಿ. ಕೇಳಿ. ಎಷ್ಟು ಬೇಕಾದ್ರೂ ಕೇಳಿ. ಸ್ವಲ್ಪ ಸಣ್ಣಗೆ ಇಡಿ.

…ಕೇಳಿದ್ರಾ? ಇದರಲ್ಲಿ ಏನು ತಪ್ಪು? ಅಪ್ಪನ ದನಿ. ಅಪ್ಪನ ಗೊಗ್ಗರು. ಅದೇ ಮೂಗು. ಯಾಕೆ ತಲೆ ಆಡಿಸ್ತೀರಿ? ಬೆರಳಲ್ಲಿ ಏನು ತಟ್ಟಿ ತೋರಿಸ್ತಿದೀರಿ, ಸರಿಯಾಗಿ ತಾಳಕ್ಕೇ ಬಂತಲ್ಲ ಸಾಲು?

…

ಓ.

ಅದೇನಾ. ಅಪ್ಪ ಯಾವತ್ತೂ ತಾಳಕ್ಕೆ ಸರಿಯಾಗಿ ಬಂದವರಲ್ಲ ಅಂತನಾ. ಒಂದು ಕೂದಲಷ್ಟು ತಡವಾಗಿ, ಬಾಗಿಲಿಗೆ ಒರಗಿ ನಿಂತು ಆಮೇಲೆ ಒಳಗೆ ಬಂದ ಹಾಗೆ ಬರ್ತಿದ್ರು. ಹೌದು. ಮೂವತ್ತು ವರ್ಷ ಆ ಒಂದು ಕೂದಲಿಗೆ ಕಾಯ್ದವರು ನೀವು. ಸರಿ, ವಯಸ್ಸಾಯ್ತು, ಬುದ್ಧಿ ಬಂತು, ತಾಳಕ್ಕೆ ಬಂದ್ರು. ಯಾಕೆ, ಬರಬಾರದಾ? ಎಪ್ಪತ್ತಕ್ಕೆ ಜನ…

ಅಲ್ಲಿ ಮುಟ್ಟಬೇಡಿ. ಮಾಮ, ಆ ವೇಗದ ಗುಂಡಿ ಮುಟ್ಟಬೇಡಿ. ಅದು ಮೂವತ್ಮೂರರಲ್ಲೇ ಇರಬೇಕು. ನಲವತ್ತೈದಕ್ಕೆ ಹಾಕಿದ್ರೆ ಬೇಗ ಓಡುತ್ತೆ, ರೆಕಾರ್ಡು ಹಾಳಾಗುತ್ತೆ, ಮುಳ್ಳು… ಮಾಮ.

ತೆಗೀರಿ.

ತೆಗೀರಿ ಅಂದೆ.

…

ಮಗು ನೋಡಿ. ಅದರದೇ ದನಿ ಅಂತ ಅದಕ್ಕೆ ಗೊತ್ತಾಗಿಬಿಡ್ತು, ಪೆಟ್ಟಿಗೆ ಹಿಂದೆ ಹೋಗಿ ಹುಡುಕ್ತಿದೆ.

ಹೂಂ. ಆ ಹೆಣ್ಣು ದನಿ ನಂದೇ. ಆಯ್ತಾ? ಸಮಾಧಾನ ಆಯ್ತಾ? ಹಾಡಿದ್ದು ನಾನು. ಮಗೂನ ಸೊಂಟದ ಮೇಲೆ ಕೂರಿಸ್ಕೊಂಡು ಹಾಡಿದೆ. ಆಗ ಅದಕ್ಕೆ ಆರೇಳು ತಿಂಗಳು, ಕೆಳಗೆ ಬಿಟ್ರೆ ಕಿರುಚ್ತಿತ್ತು. ಎರಡನೇ ಚರಣ ಆದ ಮೇಲೆ ಒಂದು ಸಲ ಮುಲುಕಿತು. ಪೇಪರಿನವರ ಬಿಕ್ಕು ಅದೇ. ಎಪ್ಪತ್ತು ವರ್ಷದ ಎದೆಯ ನೋವು. ಮಗುವಿನ ಹಾಗೆ ಅತ್ತಿತು ಅಂತ ಬರೆದ್ರು ನೋಡಿ, ಅದೊಂದು ಸರಿಯಾಗಿ ಬರೆದ್ರು.

ಕಲಿಸಿದ್ದು ನೀವೇ ತಾನೇ? ಈಗ ಏನೋ ಕಂಡುಹಿಡಿದವರ ಹಾಗೆ ನೋಡ್ತೀರಿ. ಏಳೋ ಎಂಟೋ ವರ್ಷ ನನಗೆ. ಈ ಮೂಲೇಲಿರೋ ಇದೇ ಟೇಪ್ ಮಷೀನಿಗೆ ನನ್ನ ಹತ್ರ ಹಾಡಿಸಿ, ವೇಗ ಇಳಿಸಿ ಕೇಳಿಸಿದ್ರಿ. ನೋಡು ಮರಿ, ನಿನ್ನೊಳಗೆ ನಿಮ್ಮಪ್ಪ ಕೂತಿದಾನೆ ಅಂದ್ರಿ. ನೀವು ನನ್ನ ಹತ್ರ ಆಡಿದ ಅತಿ ದೊಡ್ಡ ಮಾತು ಅದು, ಅದಕ್ಕೇ ನೆನಪಿದೆ. ಹಾಡುವಾಗ ಟೇಪು ಬೇಗ ಓಡಬೇಕು, ಅದರ ಜೊತೆ ಬೇಗ ಬೇಗ ಹಾಡಬೇಕು. ಆಮೇಲೆ ಮಾಮೂಲಿ ವೇಗಕ್ಕೆ ತಂದ್ರೆ ಗಿಟಾರು ಗಿಟಾರಿನ ಹಾಗೇ ಇರುತ್ತೆ, ನನ್ನ ಗಂಟಲು ಮಾತ್ರ ಇಳಿದು ಅವರದಾಗುತ್ತೆ. ನಾಲ್ಕು ದಿನ ಹಾಡಿದೆ. ಅನ್ನಕ್ಕೆ ಇಟ್ಟು ಬಂದು ಹಾಡಿದೆ, ಅಪ್ಪ ಆಸ್ಪತ್ರೇಲಿದ್ರು, ಅವರಿಗೆ ಗಂಜಿ ತಗೊಂಡು ಹೋಗಿ ಬಂದು ಹಾಡಿದೆ. ಐದನೇ ದಿನ ಕಂಪನಿಯವರು ಟೇಪಿಗೆ ಆಳು ಕಳಿಸಿದ್ರು. ಕೊಟ್ಟೆ.

ಹೋಗಿ ಹೇಳಿ, ಹೋಗಿ. ಕಂಪನಿಗೆ ಹೇಳಿ, ಪೇಪರಿನವರಿಗೆ ಹೇಳಿ. ಗುಡುಗಿನ ಕೊನೇ ಹಾಡು ಗುಡುಗು ಹಾಡಿದ್ದಲ್ಲ, ಮಗಳು ಹಾಡಿದ್ದು, ಅಡುಗೆಮನೆ ಸೌಟು ಕೈಯಲ್ಲಿ ಹಿಡ್ಕೊಂಡು. ಮಲಗಿರೋ ಮನುಷ್ಯನ ಮೇಲೆ ಎಲ್ಲಾ ಉಗೀಲಿ. ನಿಮಗೂ ಒಂದು ಲೆಕ್ಕ ಚುಕ್ತಾ ಆಗುತ್ತೆ, ಹನ್ನೊಂದು ವರ್ಷದ್ದು. ಅದಕ್ಕೇ ತಾನೇ ಬಂದದ್ದು?

ಅಲ್ವಾ?

ಮತ್ತೆ ಯಾಕೆ ತಲೆ ಅಲ್ಲಾಡಿಸ್ತೀರಿ. ಯಾರಿಗೂ ಹೇಳಲ್ವಾ? ಹಾಗಾದ್ರೆ ಯಾಕೆ ಬಂದ್ರಿ? ಅಲ್ಲ, ನನಗೆ ಅರ್ಥ ಆಗ್ತಿಲ್ಲ. ಹಾಡಿದ್ದು ನಾನು ಅಂತ ನಿಮಗೆ ಮೊದಲನೇ ಸಾಲಿಗೇ ಗೊತ್ತಾಗಿತ್ತು. ಅದನ್ನ ಜಗಳ ಆಡೋಕೂ ಬಂದಿಲ್ಲ, ಊರಿಗೆ ಸಾರೋಕೂ ಹೋಗಲ್ಲ. ಚೆನ್ನಾಗಿ ಹಾಡಿದೀಯ ಅಂತ ಹೇಳೋಕಂತೂ ಬಂದಿರಲ್ಲ. ಅದು ನಿಮ್ಮ ಬಾಯಿಂದ ಬರಲ್ಲ.

ಏನದು? ಜೇಬಲ್ಲೇನು?

ಕಾರ್ಡು. ಕೊಡಿ ಇಲ್ಲಿ. ಇದು… ಅಪ್ಪನ ಅಕ್ಷರ. ಬಲಗೈ ಅಕ್ಷರ. ಅಂದ್ರೆ ಲಕ್ವಕ್ಕೆ ಮುಂಚೆ. ನಿಮಗೆ ಬರೆದ್ರಾ? ನನಗೆ ಹೇಳೇ ಇಲ್ಲ. ಡಬ್ಬಿಗೆ ಯಾರು ಹಾಕಿದ್ರು ಇದನ್ನ? ತಾವೇ ನಡ್ಕೊಂಡು ಹೋಗಿ ಹಾಕಿದ್ರಾ?

ಓದ್ತೀನಿ, ಓದ್ತೀನಿ. ಹತ್ತನೇ ಕ್ಲಾಸು ಪಾಸಾಗಿದೀನಿ, ಕಾರ್ಡು ಓದೋಕೆ ಬರುತ್ತೆ.

“ಹೊಸ ಹಾಡು ಹಾಡಿದೆ. ನಡುವೆ ಗಿಟಾರ್ ಬರೋ ಕಡೆ ನಿನ್ನ ಹತ್ರ ಮಾತಾಡಿದೀನಿ. ಎದುರಿಗೆ ನಿಂತ್ರೆ ನನ್ನ ಬಾಯಿಂದ ಅದು ಬರಲ್ಲ, ನಿನಗೇ ಗೊತ್ತು. ರೆಕಾರ್ಡು ಬಂದಾಗ ಕೇಳು. ಕೇಳಿದ ಮೇಲೆ ಬರಬೇಕು ಅನ್ನಿಸಿದ್ರೆ ಬಾ.”

…

ಅದಕ್ಕೆ ಬರಲಿಲ್ವಾ ನೀವು? ಲಕ್ವ ಹೊಡೆದಾಗ? ಕೇಳಿದ ಮೇಲೆ ಬಾ ಅಂದಿದ್ರು ಅಂತ, ರೆಕಾರ್ಡು ಬರೋ ತನಕ… ಒಂದು ವರ್ಷ? ಎಂಥ ಜನ ನೀವಿಬ್ಬರೂ. ಒಬ್ಬರು ಹೇಳೋಕಾಗದೆ ಟೇಪಿಗೆ ಹೇಳೋದು, ಇನ್ನೊಬ್ಬರು ಟೇಪು ಹೇಳೋ ತನಕ ಬರದೆ ಕೂತ್ಕೊಳ್ಳೋದು. ನಾನು ಒಂದು ಗಂಟೆಯಿಂದ ನಿಮಗೆ ಬೈತಿದೀನಿ, ಒಂದು ಸಲ ಈ ಕಾರ್ಡು ತೆಗೆದು ಮುಖಕ್ಕೆ ಹಿಡೀಬಾರದಿತ್ತಾ?

ತಿಂಗಳಿಂದ ಬಾಗಿಲು ನೋಡ್ತಿದ್ರು ಅಪ್ಪ. ಕಂಪನಿಯವರಿಗೆ ಕಾಯ್ತಿದಾರೆ ಅಂದ್ಕೊಂಡಿದ್ದೆ. ಹೂವು ತಗೊಂಡು ಬರ್ತಾರೆ, ಫೋಟೋ ತೆಗೀತಾರೆ ಅಂತ ದಿನಾ ಗಡ್ಡ ಹೆರೀತಿದ್ದೆ ನಾನು.

ಹೇಳ್ತೀನಿ ಇರಿ. ಏನು ಹೇಳಿದ್ರು ಅಂತ ತಾನೇ ನಿಮಗೆ ಬೇಕಾಗಿದ್ದು. ನಾನು ಕೇಳಿದೀನಿ ಅದನ್ನ. ತಪ್ಪಾಯ್ತು ಕಣಪ್ಪ ಅಂದ್ರು. ಆವತ್ತು ಸ್ಟೇಜಿನ ಮೇಲೆ ಹಾಗೆ ಹೇಳಬಾರದಿತ್ತು, ಆ ಹೋಯ್ ನಿನ್ನದೇ ಅಂದ್ರು. ಅಷ್ಟೇ ಅಂದ್ರು. ಕೇಳಿದ್ರಲ್ಲ. ಇನ್ನು… ಇನ್ನು ನೀವು…

ಯಾಕೆ ಮಷೀನಿನ ಕಡೆ ನೋಡ್ತೀರಿ?

ಕೇಳಬೇಕಾ? ಅವರ ಬಾಯಿಂದಾನೇ? ಅದು… ಟೇಪು ಸಿಕ್ಕಿಹಾಕ್ಕೊಳ್ತು ಮಾಮ. ಹಳೇ ಮಷೀನು, ಚಕ್ರಕ್ಕೆ ಸುತ್ಕೊಂಡು ಹರಿದುಹೋಯ್ತು. ಅದಕ್ಕೇ ನಾನು ಹಾಡಬೇಕಾಗಿ ಬಂತು. ಇಲ್ಲದಿದ್ರೆ ಯಾರಿಗೆ ಬೇಕಿತ್ತು ಈ ಉಸಾಬರಿ.

ನಾಲ್ಕು ಬೆರಳು ಯಾಕೆ ತೋರಿಸ್ತೀರಿ?

ಹೌದು, ನಾಲ್ಕು ಸಾಲಿನ ಮಷೀನು. ನನಗೂ ಗೊತ್ತು, ಒಂದು ಟೇಪಿಗೆ ನಾಲ್ಕೇ ಸಾಲು, ಒಂದೊಂದರಲ್ಲಿ ಒಂದೊಂದು ದನಿ. ಒಂದು ಬೆರಳು ಗಿಟಾರು. ಸರಿ. ಒಂದು ಬೇಸು. ಒಂದು ಡ್ರಮ್ಮು, ನಿಮ್ಮ ಜಾಗಕ್ಕೆ ಬಂದ ಆ ಬಾಡಿಗೆಯವನದು. ಸರಿ. ರೆಕಾರ್ಡಿನಲ್ಲಿ ಆ ಮೂರೂ ಇದೆ, ಹೌದು, ಅವರು ಬಾರಿಸಿದ್ದೇ ಇದೆ. ಗಿಟಾರಿನವರು ತಮ್ಮದೇ ಅಂತ ಒಪ್ಪಿದಾರೆ, ಹೌದು.

ನಾಲ್ಕನೇ ಬೆರಳು ಮಡಚಿ, ಮಾಮ.

ದಯವಿಟ್ಟು.

…

ಹರಿದಿಲ್ಲ. ಟೇಪು ಹರಿದಿದ್ರೆ ಆ ಮೂರೂ ಹೋಗ್ತಿತ್ತು. ನಿಮ್ಮ ಮುಂದೆ ಈ ಸುಳ್ಳು ಹೇಳಬಾರದಿತ್ತು, ಆ ಮಷೀನಿನ ಹೊಟ್ಟೆ ಬಿಚ್ಚಿ ಎಣ್ಣೆ ಬಿಟ್ಟವರು ನೀವು. ಬೇರೆಯವರೆಲ್ಲ ನಂಬಿದ್ರು. ನನ್ನ ಗಂಡನೂ ನಂಬಿದ.

ನಾಲ್ಕನೇ ಸಾಲಲ್ಲಿ ಅಪ್ಪ ಇದ್ರು. ಹಾಡೋಕೆ ನನಗೆ ಬೇರೆ ಜಾಗ ಇರಲಿಲ್ಲ. ಅವರ ಮೇಲೇ ಹಾಡಿದೆ.

ನಾನು ಹಾಡ್ತಾ ಹೋದ ಹಾಗೆ ಅವರು ಅಳಿಸಿಹೋಗ್ತಾ ಬಂದ್ರು. ಗೊತ್ತಿತ್ತು ನನಗೆ. ಗುಂಡಿ ಒತ್ತುವಾಗಲೇ ಗೊತ್ತಿತ್ತು, ಕೈ ತಪ್ಪಿ ಆದದ್ದಲ್ಲ. ಹೊಸ ಟೇಪು ತಂದು ನಕಲು ತೆಗೆದಿಟ್ಕೊಂಡು ಹಾಡಬಹುದಿತ್ತು. ಅಂಗಡಿ ಎರಡು ಬೀದಿ ಆಚೆ. ಹೋಗಲಿಲ್ಲ. ಅವರ ಇಂಥ ಗಂಟಲು ಉಳಿಸಿ ಏನು ಪ್ರಯೋಜನ, ಹೋಗಲಿ ಅನ್ನಿಸ್ತು. ಹತ್ತು ಹನ್ನೆರಡು ವರ್ಷ ಪರದೆ ಹಿಂದೆ ನಿಂತು ಈ ಗಂಟಲಿಗೆ ಊರುಗೋಲಾಗಿದ್ದೆ, ಒಂದು ಸಲ, ಒಂದೇ ಒಂದು ಹಾಡು, ಪೂರ್ತಿ ನಂದಾಗಲಿ ಅನ್ನಿಸ್ತು. ಯಾರಿಗೂ ಗೊತ್ತಾಗದೆ ಇದ್ರೂ ಪರವಾಗಿಲ್ಲ. ಅಂಗಿ ಜಾರುತ್ತಾ ನೋಡೋಣ ಅನ್ನಿಸ್ತು. ಜಾರಲಿಲ್ಲ ಮಾಮ. ಊರೆಲ್ಲ ನೋಡ್ತು, ಜಾರಲಿಲ್ಲ.

ಹಾಗೆ ನೋಡಬೇಡಿ ನನ್ನನ್ನ. ಬೈರಿ ಬೇಕಾದ್ರೆ. ಬೈಯೋಕಾದ್ರೂ ಬಾಯಿ ಬಿಡಿ.

ಅವರು ಹೇಳಿದ್ದು ಹೇಳಿದೆನಲ್ಲ. ತಪ್ಪಾಯ್ತು ಅಂದ್ರು. ಹೋಯ್ ನಿನ್ನದೇ ಅಂದ್ರು. ಅದು…

…

ಇಲ್ಲ.

ಅದು ನಾನು ಹೇಳಿದ್ದು. ಈಗ ಕಟ್ಟಿದ್ದು, ಕಾರ್ಡು ಓದಿದ ಮೇಲೆ. ಅವರು ಹೇಳಬಹುದಿತ್ತು ಹಾಗೆ. ಹೇಳಿರಬಹುದು. ನನಗೆ ಗೊತ್ತಿಲ್ಲ. ಹೆಡ್‌ಫೋನು ಹಾಕ್ಕೊಂಡು ಒಂದೇ ಒಂದು ಸಲ ಕೇಳಿದೆ ಅದನ್ನ. ಕೇಳುವಾಗ ಸ್ವರ ಎಲ್ಲೆಲ್ಲಿ ಜಾರ್ತು ಅಂತ ಮಾತ್ರ ಕೇಳ್ತಿದ್ದೆ. ಪೆನ್ಸಿಲ್ ಹಿಡ್ಕೊಂಡು ಕೂತಿದ್ದೆ ಮಾಮ, ತಪ್ಪು ಬಂದ ಕಡೆಯೆಲ್ಲ ಗೀಟು ಹಾಕ್ತಿದ್ದೆ. ಗಿಟಾರು ಶುರುವಾಯ್ತು, ಅವರು ಏನೋ ಗೊಣಗೋಕೆ ಶುರು ಮಾಡಿದ್ರು. ಸಾಲು ಮರೆತು ತೊದಲ್ತಿದಾರೆ ಅಂದ್ಕೊಂಡೆ. ಅಯ್ಯೋ, ಇದನ್ನ ಹೊರಗೆ ಕಳಿಸಿದ್ರೆ ಜನ ನಗ್ತಾರೆ ಅನ್ನಿಸ್ತು. ಮೊದಲನೇ ಮಾತು “ಲೋ” ಅಂತ ಕೇಳಿಸ್ತು. ಅಷ್ಟೇ. ಹೆಡ್‌ಫೋನು ಕಿತ್ತು ಕೆಳಗಿಟ್ಟೆ.

“ಲೋ” ಅಂದ್ರು. ಅದು ನಿಜ. ಅದೊಂದು ನಿಜ.

ಎದ್ರಾ. ಹೊರಡ್ತೀರಾ. ರೆಕಾರ್ಡು ಇಲ್ಲೇ ಬಿಟ್ರಿ.

…ಬಾಗಿಲು ಆ ಕಡೆ ಅಲ್ಲ ಮಾಮ. ಅದು ಅಪ್ಪನ ಕೋಣೆ.

ಸರಿ. ಹೋಗಿ. ನಾನು ಅಡ್ಡ ಬರಲ್ಲ, ಮಗೂನ ಎತ್ಕೋತೀನಿ, ದಾಟಿ. ಚಿಲಕ ಸ್ವಲ್ಪ ಬಿಗಿ, ಮೇಲೆತ್ತಿ ಎಳೀಬೇಕು. ಎಡಗಡೆ ಕೂತ್ಕೊಳ್ಳಿ, ಆ ಕೈಗೆ ಮಾತ್ರ ಗೊತ್ತಾಗುತ್ತೆ ಮುಟ್ಟಿದ್ದು.

ಮಾಮ, ಒಂದು ನಿಮಿಷ. ನಿಮ್ಮ ಮುಖ ಕಂಡ ಕೂಡಲೇ ಕೇಳ್ತಾರೆ ಅವರು. ಊಂ ಅಂತ, ಹುಬ್ಬು ಮೇಲೆತ್ತಿ. ಕೇಳಿಸ್ಕೊಂಡ್ಯಾ ಅಂತಲೇ ಅದು, ಬೇರೆ ಏನೂ ಅಲ್ಲ. ಆ ಊಂ ನನಗೆ ಗೊತ್ತು.

ಹೂಂ ಅನ್ನಿ. ಕೇಳಿದೆ ಕಣೋ ಅನ್ನಿ. ಒಂದೇ ಮಾತು.

ಮಾಮ, ಅಂತೀರಿ ತಾನೇ?

ಮಾಮ?